ಎಂಜಿನ್ ಆರುವ ತನಕ

ಅಣ್ಣ ತೀರಿಕೊಳ್ಳುವ ಹಿಂದಿನ ದಿನ, ನನಗೊಂದು ಹಳೆಯ ಸ್ಪೋರ್ಟ್ಸ್ ಬೈಕ್ ನೋಡಲು ನಾವಿಬ್ಬರೂ ಅಥಣಿಗೆ ಹೋಗಿದ್ದೆವು. ಅವನು ನಿಪ್ಪಾಣಿಯಲ್ಲಿ ಮೆಕ್ಯಾನಿಕ್ ಆಗಿದ್ದ. ಬೈಕ್ ಹೊಸದರಂತೆ ಹೊಳೆಯುತ್ತಿತ್ತು. ನಾನು ಆಗಲೇ ಸೀಟಿನ ಮೇಲೆ ಕುಳಿತುಬಿಟ್ಟಿದ್ದೆ. ಅಣ್ಣ ಎಂಜಿನ್ನಿಗೆ ಅಂಗೈ ತಾಗಿಸಿ, “ಇಳೀಲೇ” ಎಂದ. ಮಾಲೀಕರತ್ತ ತಿರುಗಿ, “ನಾವ್ ಬರೂದ್ರಾಗ ಚಾಲೂ ಮಾಡಿ ಇಟ್ಟೀರಲ್ರಿ. ಬಿಸಿ ಇದ್ದಾಗ ಎಂಜಿನ್ ತನ್ನ ಬ್ಯಾನಿ ಹೇಳೂದಿಲ್ಲ. ಚಾ ಕುಡ್ಯೂಣು, ಆರ್ಲಿ” ಎಂದ.

“ಎತ್ತು ಕೊಳ್ಳಾವ್ರೂ ಇಷ್ಟ್ ನೋಡೂದಿಲ್ರಿ,” ಎಂದು ಅವರು ನಕ್ಕರು.

“ಎತ್ತಿಗೆ ಹಲ್ಲರೆ ಇರ್ತಾವ್ರಿ, ವಯಸ್ಸು ನೋಡಾಕ,” ಎಂದ ಅಣ್ಣ.

ಒಂದು ತಾಸಿನ ನಂತರ ಚಾಲೂ ಮಾಡಿದಾಗ ನನಗೇನೂ ದೋಷ ಕೇಳಿಸಲಿಲ್ಲ. ಅಣ್ಣ ಕಣ್ಣು ಮುಚ್ಚಿ ಆಲಿಸಿ, ಬೇಡವೆಂದು ತಲೆಯಾಡಿಸಿದ. ಆ ಸಿಟ್ಟಿಗೆ ಊರು ಮುಟ್ಟುವವರೆಗೂ ನಾನು ಅವನೊಂದಿಗೆ ಮಾತಾಡಲಿಲ್ಲ. ಮರುದಿನ ಮುಂಜಾನೆ ಎದೆನೋವು ಬಂದು ಅವನು ಹೋದ.

ಕಳೆದ ತಿಂಗಳು ರಾಯಬಾಗದಲ್ಲಿ ಇನ್ನೊಂದು ಬೈಕ್ ನೋಡಿದೆ. ಎಂಜಿನ್ ತಣ್ಣಗಿತ್ತು. ಚಾಲೂ ಮಾಡಿ ಬಹಳ ಹೊತ್ತು ಕೇಳಿದೆ. ಅದು ಒಳ್ಳೆಯ ಸದ್ದೋ ಕೆಟ್ಟದ್ದೋ ತಿಳಿಯದೆ, ಕೊಳ್ಳದೆ ಬಂದೆ. ಬೇಡ ಎಂದು ನನಗೆ ಹೇಳುವವರು ಈಗ ಮನೆಯಲ್ಲಿ ಯಾರೂ ಇಲ್ಲ.