ಸೋಮವಾರ ಕೊಟ್ಟ ರಕ್ತ

ಚಾಮರಾಜನಗರದ ಲ್ಯಾಬಿಗೆ ನಾನು ಹೊಸದಾಗಿ ಸೇರಿದ್ದ ದಿನಗಳವು. ಬಿ.ಪಿ. ಇರುವವರ ಕೆಂಪು ರಕ್ತಕಣದಲ್ಲಿ ಏನೇನಿದೆ ಎಂದು ನೋಡುವ ಅಧ್ಯಯನಕ್ಕೆ ರಕ್ತ ತರಲು ತೆರಕಣಾಂಬಿಗೆ ಹೋಗಿದ್ದೆ. ರಕ್ತ ಎಂದರೆ ಬೆರಳಿನ ಹನಿಯಲ್ಲ, ತೋಳಿನಿಂದ ಒಂದು ಸಣ್ಣ ಟ್ಯೂಬಿನಷ್ಟು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅಲ್ಲಿ ಒಂದು ಮನೆಯ ಜಗಲಿಯ ಮೇಲೆ, ರಕ್ತ ಕೊಡಲು ಬಂದ ಏಳೆಂಟು ಜನ ಕೂತಿದ್ದರು. ಎಲ್ಲರಿಗಿಂತ ಮುಂದೆ ಕೂತಿದ್ದ ಮಾದಪ್ಪನವರು ಕೈ ಚಾಚಲೇ ಇಲ್ಲ.

“ಸೋಮ್ವಾರ ಎತ್ನೇ ನೊಗಕ್ಕೆ ಕಟ್ಟಾಕಿಲ್ಲ ಕಣವ್ವ. ನನ್ ರಕ್ತ ತಗದೀಯಾ?”

ನಮ್ಮ ಕಡೆ ಸೋಮವಾರ ಶಿವನ ದಿನ, ಎತ್ತಿಗೆ ರಜೆ. ಗೊತ್ತಿದ್ದೂ ಮರೆತಿದ್ದೆ. ಅವರು ಎದ್ದರೆ ಉಳಿದವರೂ ಏಳುತ್ತಿದ್ದರು. ನನ್ನ ಮೊದಲ ಕೆಲಸದಲ್ಲೇ ಖಾಲಿ ಡಬ್ಬಿ ಹಿಡಿದು ವಾಪಸ್ ಬಸ್ಸು ಹತ್ತಬೇಕಾಗುತ್ತಿತ್ತು.

ಗಾಬರಿಯಲ್ಲಿ ಎಲ್ಲವನ್ನೂ ವಿವರಿಸತೊಡಗಿದೆ. ಕಣದ ಸುತ್ತ ಕೊಬ್ಬು, ಪ್ರೋಟೀನಿನ ತೆಳು ಪೊರೆ ಇರುತ್ತದೆ. ಬಿ.ಪಿ. ಇರುವ ಕೆಲವರಲ್ಲಿ ಆ ಕೊಬ್ಬು ಏರುಪೇರಾಗಿ ಪೊರೆ ಬಿರುಸಾಗುತ್ತದೆ. ಆಗ ಸಣ್ಣ ನಾಳಗಳಲ್ಲಿ ಬಾಗಿ ನುಸುಳಲು ಕಣಕ್ಕೆ ಕಷ್ಟ. ಆದರೂ ಅದು ಸುಮಾರು ನಾಲ್ಕು ತಿಂಗಳು, ಸಾಯುವವರೆಗೂ, ನಿಲ್ಲದೆ ಸುತ್ತುತ್ತಲೇ ಇರುತ್ತದೆ ಎಂದೆ.

“ಸೋಮ್ವಾರಾನೂವಾ?”

“ಸೋಮವಾರವೂ, ಯಜಮಾನ್ರೇ.”

ಅವರು ತಮ್ಮ ಕೈಯನ್ನೊಮ್ಮೆ ನೋಡಿಕೊಂಡರು. ಆಮೇಲೆ ಅಂಗಿಯ ತೋಳು ಮಡಚಿದರು.

“ಪಾಪ. ಅಂಗಾರೆ ತಗ. ಒಂದಷ್ಟಕ್ಕಾದ್ರೂ ಇವತ್ತು ರಜ ಸಿಗ್ಲಿ.”

ಉಳಿದವರೂ ನಗುತ್ತಾ ಕೈ ಚಾಚಿದರು. ಈಗಲೂ ಸೋಮವಾರ ಲ್ಯಾಬಿನ ಬಾಗಿಲು ತೆಗೆಯುವಾಗ ಆ ಜಗಲಿ ನೆನಪಾಗುತ್ತದೆ. ಒಂದು ವಿಷಯ ಮಾತ್ರ ಅವರಿಗೆ ಹೇಳಿರಲಿಲ್ಲ. ರಕ್ತದಿಂದ ಕಣಗಳನ್ನು ಬೇರೆ ಮಾಡಲು ಅವತ್ತು ಮಧ್ಯಾಹ್ನವೇ ಅವನ್ನು ಯಂತ್ರಕ್ಕೆ ಹಾಕಿ, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿಸಿದ್ದೆ.