ನೀರಿಗಿಳಿಯದ ಕರಿಕಂಬಳಿ

ಆರ್ಟಿಸ್ಟಣ್ಣನ ಬಲಗೈ ಕಿರುಬೆರಳು ನೆಟ್ಟಗಾಗುತ್ತಿರಲಿಲ್ಲ. ಬೋರ್ಡಿನ ಮೇಲೆ ಆ ಬೆರಳನ್ನೇ ಊರಿಕೊಂಡು ನಲವತ್ತು ವರ್ಷ ಅಕ್ಷರ ಬರೆದಿದ್ದರು. ಅದು ಕುಡುಗೋಲಿನಂತೆ ಬಾಗಿ ಹಾಗೇ ನಿಂತುಬಿಟ್ಟಿತ್ತು. ತುದಿಯಲ್ಲಿ ಬಟಾಣಿಯಷ್ಟು ಗಾತ್ರದ ಗಂಟು. ಅನ್ನ ಕಲೆಸುವಾಗಲೂ ಅದೊಂದು ಬೆರಳು ಹೊರಗೇ ಇರುತ್ತಿತ್ತು.

ಹೊಸದುರ್ಗದಲ್ಲಿ ನನ್ನ ವೆಲ್ಡಿಂಗ್ ಶಾಪಿಗೂ ಅವರ ಅಂಗಡಿಗೂ ನಡುವೆ ಒಂದೇ ಗೋಡೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹೇಳಿಕೊಳ್ಳಲು ನಾಚಿಕೆಯಿಲ್ಲ, ನಾನು ಕೂರಿಸಿದ ಗೇಟು ಬೆಸುಗೆ ಬಿಟ್ಟಿತೆಂದು ಇವತ್ತಿನವರೆಗೆ ಒಬ್ಬರೂ ವಾಪಸ್ ಬಂದಿಲ್ಲ. ಫ್ಲೆಕ್ಸ್ ಬಂದ ಮೇಲೆ ಅಣ್ಣನ ಬೋರ್ಡು ಬರೆಯುವ ಕೆಲಸ ಕಡಿಮೆಯಾಗಿ ಲಾರಿ, ಟ್ರ್ಯಾಕ್ಟರುಗಳ ನಂಬರು ಮತ್ತು ಶಾಲೆಯ ಗೋಡೆಗಳಷ್ಟೇ ಉಳಿದಿದ್ದವು. ಬಿಡುವಿನಲ್ಲಿ ಉದ್ದನೆಯ ನೋಟ್‌ಬುಕ್ಕಿನಲ್ಲಿ ಮಕ್ಕಳ ಕಾಮಿಕ್ಸಿನಂಥ ಚಿತ್ರಕಥೆ ಬರೆಯುತ್ತಿದ್ದರು. ಅದರ ನಾಯಕ ಒಬ್ಬ ಕುರಿ ಕಾಯುವವನು. ಹೆಸರು ಕರಿಕಂಬಳಿ. ಹೆಗಲ ಮೇಲೆ ಕಂಬಳಿ ಇದ್ದರೆ ಅವನಿಗೆ ನೂರು ಆಳಿನ ಬಲ. ಜೆರಾಕ್ಸ್ ಮಾಡಿಸಿ ಮಕ್ಕಳಿಗೆ ಕೊಡುತ್ತಿದ್ದರು. ಸಿರಿಗೆರೆಯಲ್ಲಿ ಓದುವ ಹುಡುಗರು ಬಸ್ಸಿಳಿದವರೇ "ಮುಂದಿಂದು ಆಯ್ತಾ?" ಎಂದು ಬಂದು ನಿಲ್ಲುತ್ತಿದ್ದರು.

ಒಂದು ಮಧ್ಯಾಹ್ನ ಗೋಡೆ ತಟ್ಟಿ ನನ್ನನ್ನು ಕರೆದರು. ಕರಿಕಂಬಳಿ ಮುಂದಿನ ಬಂಪರ್ ಹಿಡಿದು ಲಾರಿಯನ್ನು ತಲೆ ಮೇಲೆತ್ತಿದ ಚಿತ್ರ. ನನಗೆ ನಗು ಬಂತು.

"ಬಂಪರ್ ಕಿತ್ಕಂಡು ಕೈಗೆ ಬರ್ತೈತಣ್ಣ. ಲಾರಿ ಇದ್ದಲ್ಲೇ ಇರ್ತೈತೆ."

"ಮತ್ತೆ ಎಲ್ಲಿ ಹಿಡೀಬೇಕಲೇ?"

"ಅಡಿಯಾಗಿನ ಕಬ್ಬಿಣದ ಚಾಸಿಗೆ ಕೈ ಹಾಕಿಸ್ರಿ. ಅದಿರ್ಲಿ, ಅವನು ನಿಂತಿರೋದು ಹೊಲದಾಗೆ. ಅಷ್ಟು ಭಾರ ಬಿದ್ರೆ ಮೊಣಕಾಲ ತಂಕ ಹೂತ್ಕಳಲ್ವಾ?"

ಅವರು ಬೇಜಾರು ಮಾಡಿಕೊಳ್ಳಲಿಲ್ಲ. ರಬ್ಬರ್ ತಗೊಂಡು ಹೊಲ ಅಳಿಸಿ ಬಂಡೆ ಬರೆದರು. ಅಂದಿನಿಂದ ಕರಿಕಂಬಳಿ ಬಂಡೆ ಮೇಲೆ ನಿಂತರೆ ಮಾತ್ರ ಭಾರ ಎತ್ತಬಲ್ಲ. ಎತ್ತಿದ ಮಾರನೇ ದಿನ ಚೊಂಬು ಹಿಡಿಯಲೂ ಆಗುವುದಿಲ್ಲ. ಹೀಗೆ ಪ್ರತಿಯೊಂದನ್ನೂ ಕೆಲಸ ಗೊತ್ತಿದ್ದವರ ಹತ್ತಿರ ಕೇಳಿಯೇ ಬರೆಯುವುದು ಅವರ ಪದ್ಧತಿ. ಕರಿಕಂಬಳಿ ಎಷ್ಟು ದೂರ ಓಡಬಹುದು ಎಂದು ಕುರಿ ಹೊಡೆದುಕೊಂಡು ಹೋಗುವವರನ್ನು ನಿಲ್ಲಿಸಿ ಕೇಳಿದ್ದನ್ನು ನೋಡಿದ್ದೇನೆ.

"ಏನು ಶಕ್ತಿ ಕೊಟ್ಟೆ ಅಂತ ಯಾರು ಬೇಕಾದ್ರೂ ಬರೀತಾರೆ," ಎನ್ನುತ್ತಿದ್ದರು. "ಏನು ಕೊಡ್ಲಿಲ್ಲ ಅನ್ನೋದ್ರಾಗೆ ಕಥೆ ಐತೆ. ಹೆಂಗಿದ್ರೂ ಗೆಲ್ಲೋನ ಬಗ್ಗೆ ನಾನ್ಯಾಕೆ ಹೆದರ್ಲಿ?"

ಅವನ ಬಲ ಪೂರ್ತಿ ನಿಲ್ಲುವ ಜಾಗ ಒಂದಿರಬೇಕು, ಯಾವುದು ಎಂದು ಇನ್ನೊಂದು ದಿನ ಕೇಳಿದರು. ನಮ್ಮದು ಕುರಿ ಸಾಕಿದ ಮನೆ. ತಡಮಾಡದೆ ಹೇಳಿದೆ: "ನೀರಾಗೆ ನಿಲ್ಲಿಸ್ರಿ. ಕಂಬಳಿ ಹನಿ ತಡೀತೈತೆ, ಮುಳುಗಿದ್ರೆ ಮುಗೀತು. ನೆಂದ ಕಂಬಳಿ ಅಂದ್ರೆ ಟಗರು ಹೊತ್ತಂಗೆ. ನಮ್ಮಜ್ಜ ಹಳ್ಳ ದಾಟೋವಾಗ ತಲೆ ಮೇಲೆ ಇಟ್ಕಂತಿದ್ದ."

ಅಣ್ಣ ಚೂಪಾಗಿದ್ದ ಪೆನ್ಸಿಲನ್ನೇ ಮತ್ತೆ ಕೆತ್ತುತ್ತಾ ಕುಳಿತರು. ಆಮೇಲೆ 'ನೀರಿಗೆ ಇಳಿಯುವುದಿಲ್ಲ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ಓದಿದವರಿಗೆ ಹೊಳೆಯದ್ದು ನನಗೆ ಹೊಳೆಯಿತೆಂದು ನಾನು ಮೀಸೆ ತಿರುವಿಕೊಂಡು ಬಂದೆ.

ಮೂರು ವರ್ಷದ ಕೆಳಗೆ ಶ್ರೀರಾಂಪುರ ಕಡೆಯ ಒಬ್ಬ ಮೇಷ್ಟ್ರು ಬಂದರು. ತೋಟಗಳಲ್ಲಿ ಕೃಷಿಹೊಂಡ ತೋಡಿಸಿ ಪ್ಲಾಸ್ಟಿಕ್ ಶೀಟ್ ಹಾಸುತ್ತಾರಲ್ಲ, ಅದು ಜಾರುತ್ತದೆ. ಬಿದ್ದವರು ಎಷ್ಟು ಪರದಾಡಿದರೂ ಹತ್ತಲಾಗುವುದಿಲ್ಲ. ಮಕ್ಕಳಿಗೆ ಎಚ್ಚರಿಕೆ ಕೊಡಲು, ಕರಿಕಂಬಳಿ ಹೊಂಡಕ್ಕೆ ಹಾರಿ ಮಗುವನ್ನು ಎತ್ತಿಕೊಂಡು ಬರುವಂತೆ ಶಾಲೆಯ ಗೋಡೆ ಮೇಲೆ ಬರೆದುಕೊಡಬೇಕು ಎಂದರು. ಅಣ್ಣ ಅಂಗಡಿಯಲ್ಲಿರಲಿಲ್ಲ. "ಬರೀತಾರೆ ಸಾರ್, ನಾನು ಹೇಳ್ತೀನಿ," ಎಂದು ನಾನೇ ಒಪ್ಪಿಬಿಟ್ಟೆ.

ಸಂಜೆ ಹೇಳಿದರೆ, "ಆಗಲ್ಲ," ಎಂದರು.

"ಮಕ್ಳಿಗೆ ಒಳ್ಳೇದಾಗೋ ಕೆಲಸ ಅಣ್ಣ. ಲಾರಿ ಎತ್ತೋನು ಮಗು ಎತ್ತಲ್ಲ ಅಂದ್ರೆ ಯಾರು ನಂಬ್ತಾರೆ? ಒಂದು ಸಲ ಇಳಿಸಿದ್ರೆ ನಿಮ್ಮ ಗಂಟೇನು ಹೋಗ್ತೈತೆ?"

ಅವರು ಬ್ರಷ್ ಕೆಳಗಿಟ್ಟರು. "ಕುಂತ್ಕ," ಎಂದರು.

ಹೊಳಲ್ಕೆರೆ ಕಡೆಯ ಹಳ್ಳಿಯಲ್ಲಿದ್ದಾಗ ಅವರಿಗೊಬ್ಬಳು ಮಗಳಿದ್ದಳಂತೆ. ಏಳು ವರ್ಷ. ಪಕ್ಕದ ತೋಟದ ಹೊಂಡಕ್ಕೆ ಬಿದ್ದಳು. ಇಷ್ಟು ವರ್ಷ ಪಕ್ಕದಲ್ಲಿದ್ದು ನನಗೆ ಇದು ಗೊತ್ತಿರಲಿಲ್ಲ. ಮಕ್ಕಳಿಲ್ಲದ ದಂಪತಿ ಎಂದೇ ತಿಳಿದಿದ್ದೆ.

"ಮೊದಲು ಓಡಿಹೋದೋನು ನಾನೇ," ಎಂದರು. "ನನಗೆ ಈಜು ಬರ್ತಿರ್ಲಿಲ್ಲ. ದಡದಾಗೆ ನಿಂತ್ಕಂಡು ಕೂಗಿದೆ. ಜನ ಬರೋ ಹೊತ್ತಿಗೆ ಆಗೋಗಿತ್ತು. ಇಳಿದಿದ್ರೆ ನೀನೂ ಹೋಗ್ತಿದ್ದೆ ಅಂತ ಎಲ್ರೂ ಅಂದ್ರು. ನಿಮ್ಮತ್ತಿಗೆನೂ ಅಂದ್ಲು. ಈಗ ಇವನು ಹಾರಿ ಎತ್ಕಂಡು ಬಂದಂಗೆ ನಾನೇ ಬರೆದ್ರೆ, ಅವಳು ಅದನ್ನ ನೋಡಿ ಆಮೇಲೆ ನನ್ನ ಮುಖ ನೋಡ್ತಾಳೆ. ಅದೊಂದು ನನ್ನಿಂದಾಗಲ್ಲ ತಮ್ಮ."

ನೀರಿನ ಆ ಮಿತಿಯನ್ನು ನಾನೇ ಹುಡುಕಿಕೊಟ್ಟೆ ಎಂದು ಬೀಗಿದ್ದೆನಲ್ಲ. ಅದು ಅವರೊಳಗೆ ಮೊದಲೇ ಇತ್ತು.

ಆದರೂ ಆ ಗೋಡೆ ಬರೆದುಕೊಟ್ಟರು. ಕರಿಕಂಬಳಿ ದಡದಲ್ಲಿದ್ದಾನೆ. ಹಗ್ಗದ ಒಂದು ತುದಿ ಮರಕ್ಕೆ ಕಟ್ಟಿದೆ, ಇನ್ನೊಂದು ನೀರಿಗೆ ಬಿದ್ದಿದೆ. ಅವನು ಬಾಯಿ ತೆರೆದು ಜನರನ್ನು ಕೂಗುತ್ತಿದ್ದಾನೆ. ಮೇಷ್ಟ್ರು, "ಹೀರೋ ಥರ ಇಲ್ವಲ್ಲ," ಎಂದರು. "ಮಕ್ಳಿಗೆ ಕೂಗಾಕೆ ಬರ್ತೈತೆ ಸಾರ್, ಹಾರಾಕೆ ಬರಲ್ಲ," ಎಂದರು ಅಣ್ಣ.

ಅಂದಿನಿಂದ ಹೊಂಡದ ಬೇಲಿಗೆ ಗೇಟು ಬೇಕೆಂದು ಯಾರೇ ಬರಲಿ, ಒಳಗೆ ಇಳಿಬಿಡಲು ಒಂದು ಕಬ್ಬಿಣದ ಏಣಿಯನ್ನು ಅವರು ಕೇಳದಿದ್ದರೂ ಮಾಡಿಕೊಡುತ್ತೇನೆ. ಅಣ್ಣ ಇರುವ ತನಕ ಅದಕ್ಕೆ ಹಳದಿ ಬಣ್ಣ ಬಳಿಯುತ್ತಿದ್ದರು.

ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವರಿಗೆ ಎದೆನೋವು ಬಂತು. ಕಾರು ಮಾಡಿಕೊಂಡು ಚಿತ್ರದುರ್ಗಕ್ಕೆ ಹೊರಟೆವು. ತಲೆ ನನ್ನ ತೊಡೆಯ ಮೇಲಿತ್ತು. ಹೊಳಲ್ಕೆರೆ ದಾಟುವ ಮೊದಲೇ ಉಸಿರು ನಿಂತಿತು. ಜೀವನದಲ್ಲಿ ಎಷ್ಟೋ ಭಾರ ಎತ್ತಿದ ಈ ಕೈಗಳಿಂದ ಅವತ್ತು ಏನೂ ಮಾಡಲಾಗಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಅತ್ತಿಗೆ ನನ್ನನ್ನು ಮನೆಗೆ ಕರೆಸಿದರು. ನೋಟ್‌ಬುಕ್ಕುಗಳನ್ನೆಲ್ಲ ಚಾಪೆಯ ಮೇಲೆ ಹರಡಿಕೊಂಡು ಕುಳಿತಿದ್ದರು.

"ಎಲ್ಲಾನೂ ಓದಿದೀನಿ. ಒಂದ್ರಾಗೂ ನೀರಿಗೆ ಇಳಿದಿಲ್ಲ," ಎಂದರು. "ನನಗೆ ನೋವಾಗ್ತೈತೆ ಅಂತ ಬರೀಲಿಲ್ಲ ಅವರು, ಗೊತ್ತು. ನಾನೂ ಯಾವತ್ತೂ ಕೇಳ್ಲಿಲ್ಲ. ಸುಳ್ಳಾಗಿದ್ರೂ ಪರವಾಗಿರ್ಲಿಲ್ಲಪ್ಪ, ಒಂದು ಸಲ ಇಳಿಸಬೋದಿತ್ತು."

ನಾನು ಕಾಲ ಬಳಿ ತೆರೆದು ಬಿದ್ದಿದ್ದ ಒಂದು ಪುಸ್ತಕವನ್ನು ಮುಚ್ಚಿಟ್ಟೆ.

"ನಿನ್ನ ಕೇಳೇ ಬರೀತಿದ್ರಲ್ಲ. ನೀನು ಹೇಳು. ಇಳಿದ್ರೆ ಏನಾಗ್ತಿತ್ತು?"

ನನಗೆ ಕಥೆ ಕಟ್ಟಿ ಗೊತ್ತಿಲ್ಲ. ಆದರೂ ಆ ಮುಖ ನೋಡಿ ಬಾಯಿ ತೆರೆದೆ. ಕಂಬಳಿ ತೆಗೆದು ದಡದಲ್ಲಿಟ್ಟ ಎಂದೆ. ಈಗ ಅವನೂ ನಮ್ಮ ಹಾಗೆ ಬರೀ ಮನುಷ್ಯ, ಈಜು ಬರುವುದಿಲ್ಲ ಎಂದೆ. ಆದರೂ ಇಳಿದ. ಮಗುವನ್ನು ಹೆಗಲ ಮೇಲಿಟ್ಟು ದಡಕ್ಕೆ ತಳ್ಳಿದ.

"ಮಗು ಬಂತಾ?"

"ಬಂತು ಅತ್ತಿಗೆ."

"ಆತ?"

ಬಂದ ಎಂದುಬಿಡಬಹುದಿತ್ತು. ಅಷ್ಟು ವರ್ಷ ಅಣ್ಣನ ಪಕ್ಕ ಕುಳಿತು ಅಳೆದೂ ಸುರಿದೂ ನೋಡಿದ ನಾಲಿಗೆ ಆ ಸುಳ್ಳಿಗೆ ಹೊರಳಲಿಲ್ಲ.

"ಬರ್ಲಿಲ್ಲ," ಎಂದೆ.

ಅತ್ತಿಗೆ ನೋಟ್‌ಬುಕ್ಕುಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದರು. ಎಲ್ಲ ಜೋಡಿಸಿ ಮುಗಿದ ಮೇಲೆ ನನ್ನ ಕಡೆ ನೋಡಿದರು.

"ಹೆಂಗೆ ಬರೆದ್ರೂ ಅವರಿಬ್ಬರಾಗೆ ನನಗೆ ಒಬ್ಬರೇ ಉಳಿಯೋದೇನಪ್ಪ?" ಎಂದರು.