ಪಬ್ಬಿನಲ್ಲಿ ನಾನು ‘ಕುಡೀರಿ’ ಎಂದು ಗದರಿದ ಸಂಜೆ

ಕಳೆದ ವರ್ಷ ಬೇಸಿಗೆ ರಜೆಯಲ್ಲಿ ಮೂರು ವಾರ ಸಿಂಗಪುರದಲ್ಲಿ ನನ್ನ ತಂಗಿ ಸುಮಾಳ ಮನೆಯಲ್ಲಿದ್ದೆ. ನಾನು ಮೈಸೂರಿನ ಒಂದು ಪ್ರೌಢಶಾಲೆಯಲ್ಲಿ ಗಣಿತದ ಟೀಚರ್. ಸುಮಾ ಸಾಫ್ಟ್‌ವೇರ್ ಕೆಲಸಕ್ಕೆಂದು ಅಲ್ಲಿಗೆ ಹೋಗಿ ಹನ್ನೆರಡು ವರ್ಷವಾಯಿತು. ಟೋವಾ ಪಾಯೋದಲ್ಲಿ ಹನ್ನೊಂದನೇ ಮಹಡಿಯಲ್ಲಿ ಮನೆ. ನಮ್ಮ ಯಜಮಾನರಿಗೆ ರಜೆ ಸಿಗದೆ ನಾನೊಬ್ಬಳೇ ಹೋಗಿದ್ದೆ.

ಎರಡನೇ ಶನಿವಾರ ಮಧ್ಯಾಹ್ನ ಊಟ ಮುಗಿಸಿ ಕೂತಿದ್ದಾಗ ಸುಮಾ ಫೋನು ನೋಡುತ್ತಾ, “ಅಕ್ಕ, ಈವ್ನಿಂಗ್ ನನ್ ಜೊತೆ ಒಂದು ಪಬ್ ಕ್ರಾಲ್‌ಗೆ ಬರ್ತೀಯಾ?” ಎಂದಳು.

“ಕ್ರಾಲ್ ಅಂದ್ರೆ ತೆವಳೋದಲ್ವೇನೇ? ಕುಡಿದು ತೆವಳ್ಕೊಂಡು ಹೋಗೋದಾ?”

ಅವಳು ಬಿದ್ದು ಬಿದ್ದು ನಕ್ಕಳು. ಒಬ್ಬ ಗೈಡ್ ಹತ್ತು ಹನ್ನೆರಡು ಜನರನ್ನು ಗುಂಪಾಗಿ ಒಂದು ಪಬ್ಬಿನಿಂದ ಇನ್ನೊಂದಕ್ಕೆ ನಡೆಸಿಕೊಂಡು ಹೋಗುತ್ತಾರಂತೆ, ದಾರಿಯಲ್ಲಿ ಹಳೆಯ ಕಟ್ಟಡಗಳ ಕಥೆ ಹೇಳುತ್ತಾರಂತೆ. ಆಫೀಸಿನ ಗೆಳತಿಯ ಜೊತೆ ಹೋಗಲು ಬುಕ್ ಮಾಡಿದ್ದಳು. ಗೆಳತಿಗೆ ಜ್ವರ. “ನೀನು ಕುಡೀಲೇಬೇಕು ಅಂತೇನಿಲ್ಲ. ಜ್ಯೂಸ್ ಇರುತ್ತೆ” ಎಂದಳು. ಒಂಬತ್ತು ವರ್ಷದ ಅವಳ ಮಗಳು ಮಾತ್ರ ಕಣ್ಣರಳಿಸಿ, “ದೊಡ್ಡಮ್ಮ ಪಬ್‌ಗಾ? ಕೆನಾಟ್ ಲಾ!” ಎಂದು ಅಲ್ಲಿನವರ ಇಂಗ್ಲಿಷಿನಲ್ಲಿ ತೀರ್ಪು ಕೊಟ್ಟುಬಿಟ್ಟಳು.

ನಿಜ ಹೇಳಬೇಕೆಂದರೆ ನನಗೆ ಹೋಗುವ ಆಸೆ ಆಗಲೇ ಹುಟ್ಟಿತ್ತು. ನಮ್ಮ ಶಾಲೆಯ ದಾರಿಯಲ್ಲಿ ಕಪ್ಪು ಗಾಜಿನ ಬಾಗಿಲಿನ ಒಂದು ಬಾರ್ ಇದೆ. ಇಪ್ಪತ್ತೆರಡು ವರ್ಷದಿಂದ ದಿನಕ್ಕೆರಡು ಸಲ ಅದರ ಮುಂದೆ ತಲೆ ತಗ್ಗಿಸಿಕೊಂಡು ಬಿರಬಿರನೆ ದಾಟುತ್ತೇನೆ. ಯಾರಾದರೂ ಬಾಗಿಲು ತೆರೆದರೆ ಒಳಗಿನಿಂದ ತಣ್ಣನೆ ಗಾಳಿ, ಕೆಂಪು ದೀಪ, ಜೋರು ನಗು. ಬಾಗಿಲು ಮುಚ್ಚಿದ ಮೇಲೆ ಏನೂ ಇಲ್ಲ. ಒಳಗೆ ಹೇಗಿರುತ್ತದೆ, ಜನ ಏನು ಮಾತಾಡುತ್ತಾರೆ, ಅಷ್ಟು ಹೊತ್ತು ಯಾಕೆ ಕೂರುತ್ತಾರೆ? ಐವತ್ತೆರಡು ವರ್ಷವಾದರೂ ನನಗೆ ಗೊತ್ತಿರಲಿಲ್ಲ. ಕೇಳಲು ಯಾರೂ ಇರಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಆ ಅಭ್ಯಾಸವಿಲ್ಲ.

ಹೊಸ ಚೂಡಿದಾರ್ ಹಾಕಿಕೊಂಡು ಹೊರಟೆ. ಎಂಆರ್‌ಟಿ ಮೆಟ್ರೋ ರೈಲಿನಲ್ಲಿ ರಾಫಲ್ಸ್ ಪ್ಲೇಸ್‌ಗೆ ಹೋಗಿ ಇಳಿದು, ನದಿಯ ದಂಡೆಯ ಬೋಟ್ ಕೀ ಎಂಬ ಪಬ್ಬುಗಳ ಸಾಲಿಗೆ ನಡೆದೆವು. ಐದು ಗಂಟೆ. ಬಿಸಿಲು ಇನ್ನೂ ಚುರುಗುಟ್ಟುತ್ತಿತ್ತು. ಹಳದಿ ಕೊಡೆ ಹಿಡಿದು ನಿಂತಿದ್ದ ಗೈಡ್ ನಲವತ್ತರ ಆಸುಪಾಸಿನ ಚೀನೀ ಹೆಂಗಸು, ಹುಯಿ ಮಿನ್. ಬಂದವರ ಕೈಗೆಲ್ಲ ಅಗಲವಾದ ಕಿತ್ತಳೆ ಬಣ್ಣದ ಬಟ್ಟೆಪಟ್ಟಿ ಕಟ್ಟಿದಳು. ನನ್ನನ್ನು ನೋಡಿ, “ಆಂಟಿ, ಫಸ್ಟ್ ಟೈಮಾ?” ಎಂದು ಕೇಳಿದಳು. ಹೂಂ ಅಂದೆ. “ಗುಡ್ ಲಾ! ನೀವೇ ನಮ್ಮ ಬೆಸ್ಟ್ ಸ್ಟೂಡೆಂಟ್” ಅಂದಳು.

ಗುಂಪಿನಲ್ಲಿ ಹತ್ತು ಜನ. ಕೊರಿಯಾದ ಅಕ್ಕತಂಗಿಯರು, ಹೊಸದಾಗಿ ಮದುವೆಯಾದ ಜರ್ಮನಿಯ ಜೋಡಿ, ಇನ್ನೂ ಕೆಲವರು. ಎಲ್ಲರಿಗಿಂತ ಎತ್ತರವಾಗಿ, ತಲೆಯೆಲ್ಲ ಬೆಳ್ಳಗಾಗಿದ್ದ ಒಬ್ಬರು ಒಂಟಿಯಾಗಿ ಬಂದಿದ್ದರು. ನ್ಯೂಜಿಲೆಂಡಿನವರು, ಹೆಸರು ಗ್ರಹಾಂ.

ಮೊದಲ ಪಬ್ಬಿನ ಒಳಗೆ ಕಾಲಿಡುವಾಗ ಸುಮಾಳ ತೋಳು ಹಿಡಿದುಕೊಂಡೆ. ಆದರೆ ಒಳಗೆ ನಾನು ಅಂದುಕೊಂಡಿದ್ದ ಯಾವ ಭಯಂಕರವೂ ಇರಲಿಲ್ಲ. ಒಂದು ಮೂಲೆಯಲ್ಲಿ ಇಬ್ಬರು ಮುದುಕರು ಕ್ರಾಸ್‌ವರ್ಡ್ ತುಂಬಿಸುತ್ತಿದ್ದರು. ಪಾನೀಯ ಕೊಡುವ ಮರದ ಕಟ್ಟೆಯ ಹಿಂದಿದ್ದ ಹುಡುಗಿ ನಿಂಬೆಹಣ್ಣು ಹೆಚ್ಚುತ್ತಿದ್ದಳು. ನಾನು ಕಟ್ಟೆಗೆ ಮೊಣಕೈ ಊರಿ ನಿಂತುಬಿಟ್ಟೆ. ಇದೇನು, ಅದೇನು ಎಂದು ಒಂದೊಂದೇ ಬಾಟಲಿ ತೋರಿಸಿ ಕೇಳಿದೆ. ಬಣ್ಣವಿಲ್ಲದ ಒಂದು ಬಾಟಲಿ ತೋರಿಸಿದಾಗ ಅವಳು ನಕ್ಕು, ಅದು ಬರೀ ಸಕ್ಕರೆ ಪಾಕ, ಮುಕ್ಕಾಲು ಪಾಲು ಕಾಕ್‌ಟೇಲ್‌ಗೆ ಇದೇ ಬೇಕು ಎಂದಳು. ಹಾಗಾದರೆ ಇದೂ ನಮ್ಮ ಅಡುಗೆಮನೆಯ ಹಾಗೇ ಎನ್ನಿಸಿತು. ಸುಮಾ ಬಂದು, “ಅಕ್ಕ, ಇಂಟರ್ವ್ಯೂ ಸಾಕು, ಬಾ” ಎಂದು ಎಳೆದುಕೊಂಡು ಹೋದಳು.

ನಾನು ಗ್ರಹಾಂ ಅವರ ಪಕ್ಕದಲ್ಲಿ ಕೂತೆ. ಅವರು ಪಿಯಾನೋಗಳಿಗೆ ಶ್ರುತಿ ಮಾಡುವ ಕೆಲಸದವರಾಗಿದ್ದರಂತೆ. ಅದು ಹೇಗೆ ಎಂದು ಕೇಳಿದ್ದೇ ತಡ, ಅವರ ಮುಖವೇ ಬದಲಾಯಿತು. ನಮ್ಮ ಲೆಕ್ಕದಲ್ಲಿ ಷಡ್ಜಕ್ಕೂ ಮೇಲಿನ ಷಡ್ಜಕ್ಕೂ ಇರುವ ಸಂಬಂಧ ಒಂದಕ್ಕೆರಡು, ಷಡ್ಜಕ್ಕೂ ಪಂಚಮಕ್ಕೂ ಎರಡಕ್ಕೆ ಮೂರು ಎಂದು ಪೇಪರ್ ನ್ಯಾಪ್ಕಿನ್ ಮೇಲೆ ಬರೆದು ತೋರಿಸಿದರು. ಅನುಪಾತದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. “ನಾನು ಹೆಚ್ಚು ಕುಡಿಯುವವನಲ್ಲ. ಒಬ್ಬನೇ ತಿರುಗಾಡಿ ಬೇಜಾರಾಯಿತು, ಮಾತಾಡಲು ಜನ ಸಿಗುತ್ತಾರೆ ಎಂದು ಬಂದೆ” ಎಂದರು. ಬೆಳಗ್ಗೆಯಿಂದ ಬಿಸಿಲಿನಲ್ಲಿ ನಡೆದೇ ಊರು ನೋಡಿದರಂತೆ. ಎದ್ದಾಗ ಅವರ ಬಿಯರ್ ಲೋಟದಲ್ಲಿ ಅರ್ಧ ಹಾಗೇ ಉಳಿದಿತ್ತು. ಯಾರು ಎಷ್ಟು ಕುಡಿಯುತ್ತಾರೆ, ಕುಡಿದರೆ ಏನಾಗುತ್ತದೆ ಎಂದು ನಾನು ಎಲ್ಲರ ಲೋಟದ ಮೇಲೂ ಒಂದು ಕಣ್ಣಿಟ್ಟಿದ್ದೆ. ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಣೆ ಮಾಡಿದ ಅಭ್ಯಾಸ.

ಎರಡನೇ ಪಬ್ಬು ಹತ್ತೇ ಹೆಜ್ಜೆ ಆಚೆ. ಅಲ್ಲಿ ಎಸಿ ಎಷ್ಟು ಜೋರಾಗಿತ್ತೆಂದರೆ ನಾನು ದುಪ್ಪಟ್ಟಾ ಹೊದ್ದು ಗ್ರಹಾಂ ಅವರ ಪಕ್ಕದಲ್ಲೇ ಕೂತೆ. ಹುಯಿ ಮಿನ್ ಹಿಂದಿನ ಕಾಲದ ದೋಣಿಗಳ ಬಗ್ಗೆ, ಮೂಟೆ ಹೊರುತ್ತಿದ್ದ ಕೂಲಿಗಳ ಬಗ್ಗೆ ಹೇಳುತ್ತಿದ್ದಳು. ನಡುವೆ ಗ್ರಹಾಂ ಇದ್ದಕ್ಕಿದ್ದಂತೆ ಜೋರಾಗಿ, “ಆ ಕೊಡೆ ಮುಚ್ಚು!” ಎಂದರು. ಕೊಡೆ ಮುಚ್ಚಿಯೇ ಇತ್ತು. ಎಲ್ಲರೂ ನಕ್ಕರು. ಅವರು ನಗಲಿಲ್ಲ. ಮತ್ತೇನೋ ಗೊಣಗಿದರು, ಮಾತು ತೊದಲುತ್ತಿತ್ತು. ಎದ್ದು ನಿಲ್ಲಲು ಹೋಗಿ ಮೇಜಿಗೆ ತೊಡೆ ತಾಗಿಸಿದರು. ಅವರ ಲೋಟ ಉರುಳಿ ಕೊರಿಯಾದ ಹುಡುಗಿಯ ಬಿಳಿ ಶೂ ಮೇಲೆಲ್ಲ ಬಿಯರ್. ಅವಳ ಅಕ್ಕ ಏನೋ ಕೂಗಿದಳು. ಜರ್ಮನಿಯವನು, “ಇವರಿಗೆ ಇವತ್ತು ಸಾಕು” ಎಂದು ಕಣ್ಣು ಮಿಟುಕಿಸಿದ.

ನಾನು ಏನು ಮಾಡಿದೆ? ನನ್ನ ಕಾಲನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡೆ. ಬ್ಯಾಗನ್ನು ಎದೆಗೆ ಒತ್ತಿಕೊಂಡೆ. ಎಷ್ಟು ತಿಳಿದವರಾದರೇನು, ಕುಡಿದ ಮೇಲೆ ಎಲ್ಲರೂ ಇಷ್ಟೇ ಅಂದುಕೊಂಡೆ. ನೋಡಬೇಕು ಅಂದುಕೊಂಡು ಬಂದದ್ದನ್ನು ಕೊನೆಗೂ ನೋಡಿದೆ ಎನ್ನುವ ಒಂದು ಥರದ ತೃಪ್ತಿಯೂ ಆಯಿತು.

ಮ್ಯಾನೇಜರ್ ಬಂದರು. ಹುಯಿ ಮಿನ್ ಮುಖ ಸಣ್ಣದಾಗಿತ್ತು. ಇಬ್ಬರೂ ಏನೋ ಮಾತಾಡಿಕೊಂಡು ಟ್ಯಾಕ್ಸಿ ಕರೆಸಿದರು, ಹೋಟೆಲಿಗೆ ಕಳಿಸಿಬಿಡುವುದು ಎಂದು ತೀರ್ಮಾನವಾಯಿತು. ಗ್ರಹಾಂ ಬರುವುದಿಲ್ಲವೆಂದು ಕೈ ಕೊಸರುತ್ತಿದ್ದರು. ಅವರನ್ನು ಎಬ್ಬಿಸಿದಾಗ ಮೇಜಿನ ಮೇಲೆ ಉರುಳಿಬಿದ್ದಿದ್ದ ಲೋಟ ಕಂಡಿತು. ಚೆಲ್ಲಿದ್ದು ಒಂದು ಲೋಟದ ತುಂಬಾ ಬಿಯರ್. ಅಂದರೆ ಇಲ್ಲಿ ಅವರು ಗುಟುಕೂ ಕುಡಿದಿರಲಿಲ್ಲ. ಅಲ್ಲಿ ಅರ್ಧ ಲೋಟ, ಇಲ್ಲಿ ಏನೂ ಇಲ್ಲ. ಲೆಕ್ಕ ಕೂಡಲಿಲ್ಲ.

ಆಗ ಅವರ ಬೆನ್ನು ನೋಡಿದೆ. ಅಂಥ ಚಳಿಯಲ್ಲೂ ಅಂಗಿ ಬೆವರಿನಲ್ಲಿ ನೆನೆದು ಮೈಗೆ ಅಂಟಿತ್ತು. ಬೆರಳುಗಳು ನಡುಗುತ್ತಿದ್ದವು.

ನಮ್ಮ ಯಜಮಾನರಿಗೆ ಹದಿನೆಂಟು ವರ್ಷದಿಂದ ಸಕ್ಕರೆ ಕಾಯಿಲೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಊಟ ತಪ್ಪಿದರೆ ರಕ್ತದಲ್ಲಿ ಸಕ್ಕರೆ ಇಳಿದು ಹೀಗೇ ಬೆವರುತ್ತಾರೆ, ಹೀಗೇ ಸಿಟ್ಟಾಗುತ್ತಾರೆ, ಹೀಗೇ ತೊದಲುತ್ತಾರೆ. ಒಮ್ಮೆ ನಂಜನಗೂಡಿನಿಂದ ಬರುವಾಗ ಕುಡಿದಿದ್ದಾರೆಂದು ಅವರನ್ನು ಬಸ್ಸಿನಿಂದ ಇಳಿಸಿಬಿಟ್ಟಿದ್ದರು. ರಸ್ತೆ ಬದಿಯ ಕಬ್ಬಿನ ಹಾಲಿನವರು ನೋಡಿ ಗುರುತಿಸದಿದ್ದರೆ ಏನಾಗುತ್ತಿತ್ತೋ.

ನಾನು ಎದ್ದೆ. ಸುಮಾ ಕೈ ಹಿಡಿದು ಕೂರಿಸಿದಳು. “ಅಕ್ಕ, ಪ್ಲೀಸ್, ನಮಗ್ಯಾಕೆ? ಇದು ನಮ್ಮೂರಲ್ಲ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ದೊಡ್ಡ ಪ್ರಾಬ್ಲಮ್ ಆಗುತ್ತೆ.”

“ಅವರು ಕುಡಿದಿಲ್ಲ ಕಣೇ. ಶುಗರ್ ಲೋ ಆಗಿದೆ.”

“ನಿಂಗೆ ಹೇಗೆ ಗೊತ್ತು? ನೀನೇನು ಡಾಕ್ಟ್ರಾ?”

ಅದೇ ನನ್ನ ಭಯವೂ ಆಗಿತ್ತು. ನಿಜವಾಗಿ ಕುಡಿದೇ ಬಂದಿದ್ದರೆ? ಬರುವ ಮೊದಲೇ ಬೇರೆಲ್ಲೋ ಕುಡಿದಿದ್ದರೆ? ಹತ್ತು ಜನರ ಮುಂದೆ ನಗೆಪಾಟಲಾಗುತ್ತೇನೆ. ಆದರೆ ಒಂಟಿಯಾಗಿ ಟ್ಯಾಕ್ಸಿಯಲ್ಲಿ ಕೂರಿಸಿ ಕಳಿಸಿದರೆ, ಮಲಗಿದ್ದಾರೆಂದು ಡ್ರೈವರ್ ಸುಮ್ಮನಿರುತ್ತಾನೆ. ಹೋಟೆಲಿನಲ್ಲೂ ಮಲಗಲಿ ಎಂದು ಬಾಗಿಲು ಎಳೆದುಕೊಂಡು ಹೋಗುತ್ತಾರೆ. ಆಮೇಲೆ ನೋಡುವವರು ಯಾರು?

ಕೈ ಬಿಡಿಸಿಕೊಂಡು ಓಡಿದೆ. ಪಬ್ಬಿನ ಬಾಗಿಲಿಗೆ ಅಡ್ಡ ನಿಂತೆ. ಶಾಲೆಯಲ್ಲಿ ಇಂಗ್ಲಿಷಿನಲ್ಲೇ ಪಾಠ ಮಾಡುವವಳಿಗೆ ಆ ಹೊತ್ತಿನಲ್ಲಿ ಒಂದು ವಾಕ್ಯವೂ ಪೂರ್ತಿ ಬರಲಿಲ್ಲ. “ನಾಟ್ ಡ್ರಂಕ್! ಶುಗರ್ ಲೋ! ಮೈ ಹಸ್ಬೆಂಡ್ ಸೇಮ್!” ಎಂದೆ.

“ಆಂಟಿ, ಹಿ ಈಸ್ ಡ್ರಂಕ್ ಲಾ” ಎಂದಳು ಹುಯಿ ಮಿನ್, ಬೇಸರದಿಂದ.

“ಅರ್ಧ ಲೋಟ. ಅಷ್ಟೇ. ನಾನು ನೋಡಿದ್ದೇನೆ” ಎಂದು ಬೆರಳಲ್ಲಿ ಅಳತೆ ತೋರಿಸಿದೆ. ಅವರ ಹಣೆ ಮುಟ್ಟಿ ನೋಡು ಎಂದೆ. ಅವಳು ಮುಟ್ಟಿದಳು. ತಣ್ಣಗೆ, ಒದ್ದೆ. ಅವಳ ಮುಖ ಬದಲಾಯಿತು. ಅವರನ್ನು ಅಲ್ಲೇ ಹತ್ತಿರದ ಕುರ್ಚಿಯಲ್ಲಿ ಕೂರಿಸಿದಳು. ಮ್ಯಾನೇಜರಿಗೆ ಆಂಬ್ಯುಲೆನ್ಸಿಗೆ ಫೋನ್ ಮಾಡಲು ಹೇಳಿದಳು.

ಕೋಲಾ ಕೊಡಿ ಎಂದೆ. ಯಾರೋ ಕ್ಯಾನ್ ತಂದರು. ನೋಡಿದರೆ ಅದರ ಮೇಲೆ ‘ಜೀರೋ’ ಎಂದಿತ್ತು, ಅಂದರೆ ಸಕ್ಕರೆಯೇ ಇಲ್ಲದ್ದು. ಅದನ್ನು ಪಕ್ಕಕ್ಕಿಟ್ಟು ನೇರವಾಗಿ ಕಟ್ಟೆಯ ಬಳಿ ಹೋದೆ. ಬಣ್ಣವಿಲ್ಲದ ಬಾಟಲಿ ಇಲ್ಲೂ ಇತ್ತು. “ಶುಗರ್ ಸಿರಪ್?” ಎಂದು ಕಟ್ಟೆಯ ಹಿಂದಿದ್ದ ಹುಡುಗನನ್ನು ಕೇಳಿ, ಅವನು ಹೌದೆಂದ ಮೇಲೆ ಲೋಟಕ್ಕೆ ಧಾರಾಳವಾಗಿ ಸುರಿಸಿ, ನಿಂಬೆರಸ ನೀರು ಬೆರೆಸಿಕೊಂಡು ಬಂದೆ. ಗ್ರಹಾಂ ಬಾಯಿ ಬಿಗಿ ಹಿಡಿದರು. ಲೋಟ ತಳ್ಳಿದರು. ಸುಮಾ ತಂದುಕೊಟ್ಟ ಸ್ಟ್ರಾ ಇಟ್ಟರೂ ಮುಖ ತಿರುಗಿಸಿದರು. ನುಂಗುವ ಎಚ್ಚರವೂ ತಪ್ಪಿದರೆ ಬಾಯಿಗೆ ಏನೂ ಹಾಕುವಂತಿಲ್ಲ ಎಂದು ಡಾಕ್ಟರು ನನಗೆ ಎಷ್ಟೋ ಸಲ ಹೇಳಿದ್ದರು. ಸಮಯ ಹೆಚ್ಚಿರಲಿಲ್ಲ. ಆಗ ನನ್ನ ಬಾಯಿಂದ ಕ್ಲಾಸಿನ ದನಿ ಹೊರಬಿತ್ತು, ಅದೂ ಕನ್ನಡದಲ್ಲಿ.

“ಕುಡೀರಿ! ಸುಮ್ನೆ ಕುಡೀರಿ ಅಂದ್ರೆ ಕುಡೀಬೇಕು!”

ಗ್ರಹಾಂ ಬೆಚ್ಚಿ ನನ್ನನ್ನು ನೋಡಿದರು. ಆಮೇಲೆ ಬೈಸಿಕೊಂಡ ಮಗುವಿನ ಹಾಗೆ ಸ್ಟ್ರಾಗೆ ಬಾಯಿಟ್ಟು ಎಳೆಯತೊಡಗಿದರು. ಅವರ ಗಂಟಲು ಏರಿಳಿಯುವುದನ್ನೇ ನೋಡುತ್ತಾ ನಾನು ನೆಲದ ಮೇಲೆ ಕೂತೆ.

ಆಂಬ್ಯುಲೆನ್ಸಿನವರು ಬೇಗ ಬಂದರು. ಬೆರಳು ಚುಚ್ಚಿ ನೋಡಿದ ಹೆಂಗಸು ಸಕ್ಕರೆ ಕುಡಿಸಿದ ಮೇಲೂ ಇಷ್ಟು ಕಡಿಮೆ ಇದೆಯೆಂದರೆ ಮೊದಲು ಎಷ್ಟಿತ್ತೋ ಎಂದು ತಲೆ ಆಡಿಸಿದಳು. ರಕ್ತದೊತ್ತಡ ನೋಡಲು ಅವರ ತೋಳೆತ್ತಿ, ಹುಯಿ ಮಿನ್ ಕಟ್ಟಿದ್ದ ಕಿತ್ತಳೆ ಪಟ್ಟಿಯನ್ನು ಕತ್ತರಿಸಿ ತೆಗೆದಳು. ಅದರ ಅಡಿಯಲ್ಲಿ ಒಂದು ಸ್ಟೀಲಿನ ಬಳೆ. ಅದರ ಮೇಲೆ ಅವರ ಹೆಸರು, ಸಕ್ಕರೆ ಕಾಯಿಲೆ ಇದೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ ಎಂಬ ಬರಹ. ಹುಯಿ ಮಿನ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. “ನಾನೇ ಕಟ್ಟಿದ್ದು. ಅದರ ಮೇಲೇ ಕಟ್ಟಿದೆ” ಎಂದಳು.

ಕಾಲು ಗಂಟೆಯಲ್ಲಿ ಗ್ರಹಾಂ ಅವರ ಕಣ್ಣಿಗೆ ಬೆಳಕು ಬಂತು. ಸುತ್ತ ನೋಡಿ ಎಲ್ಲಿದ್ದೇನೆ ಎಂದು ಕೇಳಿದರು. ಬೆಳಗಿನ ಇಂಜೆಕ್ಷನ್ ತೆಗೆದುಕೊಂಡಿದ್ದರಂತೆ, ಮಧ್ಯಾಹ್ನದ ಊಟ ಸಂಜೆ ಮಾಡಿದರಾಯಿತು ಎಂದು ಬಿಟ್ಟಿದ್ದರಂತೆ, ಮೇಲೆ ಖಾಲಿ ಹೊಟ್ಟೆಗೆ ಬಿಯರ್. ಕೊರಿಯಾದ ಹುಡುಗಿಯ ಶೂ ನೋಡಿ, “ಇದು ನಾನು ಮಾಡಿದ್ದಾ?” ಎಂದರು. ಅವಳು ಏನೂ ಅರ್ಥವಾಗದವಳ ಹಾಗೆ ಶೂಗಳನ್ನು ಹಿಂದಕ್ಕೆ ಸರಿಸಿ, ತನ್ನ ಬ್ಯಾಗಿನಿಂದ ಬಿಸ್ಕತ್ತು ತೆಗೆದುಕೊಟ್ಟಳು.

ಸ್ಟ್ರೆಚರ್ ಏರುವ ಮೊದಲು ಅವರು ನನ್ನನ್ನು ಕರೆದು ಮೆಲ್ಲಗೆ ಕೇಳಿದರು: “ನಾನು ಯಾರಿಗಾದರೂ ಕೆಟ್ಟ ಮಾತು ಆಡಿದೆನಾ?”

“ಇಲ್ಲ. ಪಿಯಾನೋ ಬಗ್ಗೆ ಮಾತಾಡಿದಿರಿ, ಅಷ್ಟೇ” ಎಂದೆ.

ಹುಯಿ ಮಿನ್ ಅವರ ಜೊತೆ ಆಂಬ್ಯುಲೆನ್ಸಿನಲ್ಲೇ ಹೋದಳು. ಉಳಿದವರಿಗೆ ಮೂರನೇ ಪಬ್ಬಿಗೆ ಹೋಗುವ ಮನಸ್ಸಾಗಲಿಲ್ಲ. ನದಿಯ ಮೆಟ್ಟಿಲ ಮೇಲೆ ಕೂತು ಪೊಟ್ಟಣದ ಫ್ರೈಡ್ ನೂಡಲ್ಸ್ ಹಂಚಿಕೊಂಡು ತಿಂದೆವು. ಜರ್ಮನಿಯವನು ನನ್ನ ಬಳಿ ‘ಕುಡೀರಿ’ ಎನ್ನುವುದನ್ನು ನಾಲ್ಕು ಸಲ ಹೇಳಿಸಿಕೊಂಡು ಕಲಿತ. ಸೋಮವಾರ ಹುಯಿ ಮಿನ್ ಸುಮಾಳಿಗೆ ಮೆಸೇಜ್ ಮಾಡಿದಳು: ಗ್ರಹಾಂ ಚೆನ್ನಾಗಿದ್ದಾರೆ, ಊರಿಗೆ ಹೊರಟರು, ಇನ್ನು ಮುಂದೆ ಪಟ್ಟಿಯನ್ನು ಇನ್ನೊಂದು ಕೈಗೆ ಕಟ್ಟುತ್ತೇನೆ, ಕಟ್ಟುವ ಮೊದಲು ಕೇಳುತ್ತೇನೆ.

ಅಂದು ಮನೆ ತಲುಪಿ, ಲಿಫ್ಟ್ ಹತ್ತುವ ಮೊದಲೇ ಕಟ್ಟಡದ ಕೆಳಗಿನ ತೆರೆದ ಜಾಗವಾದ ವಾಯ್ಡ್ ಡೆಕ್‌ನ ಕಲ್ಲುಬೆಂಚಿನ ಮೇಲೆ ಕೂತು ಯಜಮಾನರಿಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ಅವರು ಕೇಳಿಸಿಕೊಂಡು, “ನಿಂಗೆ ಗೊತ್ತಾಗೋಕೆ ಎಷ್ಟು ಹೊತ್ತಾಯ್ತು?” ಎಂದರು.

“ಹತ್ತು ನಿಮಿಷ ಆಗಿರಬಹುದು.”

“ಹತ್ತು ನಿಮಿಷಾನಾ?” ಎಂದರು ಅವರು. ಬೈಯುವ ದನಿಯಲ್ಲ, ಆಶ್ಚರ್ಯ. “ನನ್ನ ದನಿ ಒಂಚೂರು ಬದಲಾದ್ರೆ ಅಡುಗೆಮನೆಯಿಂದ್ಲೇ ಬೆಲ್ಲ ಹಿಡ್ಕೊಂಡು ಬರ್ತೀಯಲ್ಲೇ.”

ಸುಮಾ ಈಗಲೂ ಗೆಳತಿಯರಿಗೆಲ್ಲ, “ನಮ್ಮಕ್ಕ ಪಬ್ಬಲ್ಲಿ ಒಬ್ಬರ ಜೀವ ಉಳಿಸಿದ್ಲು” ಎಂದು ಹೇಳುತ್ತಾಳೆ. ನಾನೂ ಕೂತು ಕೇಳುತ್ತೇನೆ, ನಗುತ್ತೇನೆ. ಆದರೆ ಪಕ್ಕದಲ್ಲೇ ಕೂತಿದ್ದ ಮನುಷ್ಯ ಬೆವರಿ ನಡುಗುತ್ತಿದ್ದಾಗ ನಾನು ಕಾಲು ಒಳಗೆಳೆದುಕೊಂಡು, ಕುಡುಕ ಅಂದುಕೊಂಡು ತೃಪ್ತಿಪಟ್ಟ ಆ ಹತ್ತು ನಿಮಿಷದ ವಿಷಯ ಅವಳ ಕಥೆಯಲ್ಲಿ ಇಲ್ಲ. ಯಾಕೆಂದರೆ ಅದನ್ನು ನಾನು ಅವಳಿಗೂ ಹೇಳಿಲ್ಲ. ಇಲ್ಲೇ ಮೊದಲ ಸಲ ಬರೆಯುತ್ತಿದ್ದೇನೆ.